ಉಸಿರಿನ ಪರೀಕ್ಷೆಯಿಂದ ಮೂಗಿನ ಅಲರ್ಜಿಯನ್ನು ಪತ್ತೆಹಚ್ಚಬಹುದೇ?

ಪ್ರಶ್ನೆ ಕೇಳಿದವರು: ಒಬ್ಬ ತಾಯಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 11 ವರ್ಷ. ಎರಡು ವರ್ಷಗಳಿಂದ ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಅವಳಿಗೆ ಸಾಲುಸಾಲಾಗಿ ಸೀನು ಬರುತ್ತದೆ. ಹತ್ತು ಹನ್ನೆರಡು ಸೀನಿನ ನಂತರ ಮೂಗಿನಿಂದ ನೀರು ಸುರಿಯುತ್ತದೆ, ರಾತ್ರಿ ಮೂಗು ಕಟ್ಟಿಕೊಂಡು ಬಾಯಿ ತೆರೆದು ಮಲಗುತ್ತಾಳೆ. ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜುವ ಅಭ್ಯಾಸದಿಂದ ಮೂಗಿನ ಮೇಲೆ ಅಡ್ಡಗೆರೆಯೇ ಮೂಡಿದೆ. ಜ್ವರವಿಲ್ಲ, ಗಟ್ಟಿ ಸಿಂಬಳವೂ ಇಲ್ಲ. ಅಲರ್ಜಿಯ ಮಾತ್ರೆ ಸೆಟಿರಿಜಿನ್ ಕೊಟ್ಟ ದಿನ ಸೀನು ಕಡಿಮೆಯಾಗುತ್ತದೆ, ನಿಲ್ಲಿಸಿದರೆ ಮರಳಿ ಬರುತ್ತದೆ.

ಕಳೆದ ತಿಂಗಳು ಒಂದು ಚಿಕಿತ್ಸಾಲಯದಲ್ಲಿ ಅವಳಿಂದ ಒಂದು ಚಿಕ್ಕ ಯಂತ್ರಕ್ಕೆ ನಿಧಾನವಾಗಿ ಉಸಿರು ಬಿಡಿಸಿದರು. ವರದಿಯಲ್ಲಿ ‘ಫೀನೋ 38 ಪಿಪಿಬಿ’ ಎಂದಿದೆ. ‘ಅಲರ್ಜಿ ಜಾಸ್ತಿ ಇದೆ’ ಎಂದು ಹೇಳಿ ಕಳುಹಿಸಿದರೇ ಹೊರತು ಅದರ ಅರ್ಥವನ್ನು ಯಾರೂ ವಿವರಿಸಲಿಲ್ಲ. ಅದೇ ದಿನ ಜೋರಾಗಿ ಊದಿಸಿ ಮಾಡಿದ ಸ್ಪೈರೋಮೆಟ್ರಿ ಎಂಬ ಶ್ವಾಸಕೋಶದ ಪರೀಕ್ಷೆ ಸರಿಯಾಗಿಯೇ ಬಂದಿದೆ. ಈ ಸಂಖ್ಯೆ ಮೂಗಿನದೋ ಶ್ವಾಸಕೋಶದ್ದೋ? ಇದೊಂದೇ ಪರೀಕ್ಷೆಯಿಂದ ಮೂಗಿನ ಅಲರ್ಜಿ ಖಚಿತವಾದಂತೆಯೇ? ಚರ್ಮಕ್ಕೆ ಚುಚ್ಚಿ ಮಾಡುವ ಪರೀಕ್ಷೆ ಇನ್ನೂ ಬೇಕೇ? ಚುಚ್ಚುವುದೆಂದರೆ ಮಗು ಹೆದರುತ್ತಾಳೆ. ಉಸಿರಿನಲ್ಲಿಯೇ ಕೆಲಸ ಮುಗಿಯುವುದಾದರೆ ಅದಕ್ಕಿಂತ ಸಂತೋಷ ಬೇರೆ ಇಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಶ್ವಾಸಕೋಶ ಪರೀಕ್ಷಾಲಯದ ತಂತ್ರಜ್ಞೆ, ಮೈಸೂರು

ಮೇಡಂ, ಈ ಪರೀಕ್ಷೆಯನ್ನು ನಾನು ದಿನವೂ ಮಾಡಿಸುತ್ತೇನೆ, ಆದ್ದರಿಂದ ಮೊದಲ ಪ್ರಶ್ನೆಗೆ ಉತ್ತರಿಸಬಲ್ಲೆ. ಯಂತ್ರ ಅಳೆಯುವುದು ಬಿಟ್ಟ ಉಸಿರಿನಲ್ಲಿರುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು, ಆ ಅಳತೆಗೇ ಫೀನೋ ಎನ್ನುತ್ತಾರೆ. 38 ಪಿಪಿಬಿ ಎಂದರೆ ನೂರು ಕೋಟಿ ಭಾಗ ಗಾಳಿಯಲ್ಲಿ ಆ ಅನಿಲದ 38 ಭಾಗ. ಮಗು ಶ್ವಾಸಕೋಶ ತುಂಬುವಷ್ಟು ಗಾಳಿ ಎಳೆದುಕೊಂಡು, ಸೆಕೆಂಡಿಗೆ 50 ಮಿಲಿಲೀಟರ್ ವೇಗದಲ್ಲಿ, ತೆರೆಯ ಮೇಲೆ ಕಾಣುವ ಗುರುತು ಮೇಲೆ ಕೆಳಗೆ ಜಾರದಂತೆ ಉಸಿರು ಬಿಡಬೇಕು. ವೇಗ ಹೆಚ್ಚಾದರೆ ಸಂಖ್ಯೆ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಅದಕ್ಕಾಗಿಯೇ ಎಲ್ಲ ಕಡೆಗೂ ಒಂದೇ ವೇಗವನ್ನು ಗೊತ್ತುಮಾಡಿದ್ದಾರೆ.

ಊದುವಾಗ ಯಂತ್ರ ಸ್ವಲ್ಪ ತಡೆಯೊಡ್ಡುತ್ತದೆ. ಆ ಒತ್ತಡಕ್ಕೆ ಬಾಯಿಯ ಹಿಂಭಾಗದ ಮೆದು ಅಂಗುಳು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಇದು ಬೇಕೆಂದೇ ಮಾಡಿದ ಏರ್ಪಾಡು, ಏಕೆಂದರೆ ಮೂಗಿನೊಳಗಿನ ಗಾಳಿಯಲ್ಲಿ ಈ ಅನಿಲ ಕೆಳಗಿನ ಶ್ವಾಸನಾಳಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಒಂದಿಷ್ಟು ಬೆರೆತರೂ ಲೆಕ್ಕ ಕೆಡುತ್ತದೆ. ಆದ್ದರಿಂದ ನಿಮ್ಮ ಕೈಯಲ್ಲಿರುವ 38 ಎಂಬುದು ಮೂಗನ್ನು ಹೊರಗಿಟ್ಟು ತೆಗೆದ ಸಂಖ್ಯೆ, ಕೆಳಗಿನ ಶ್ವಾಸನಾಳದ ಸಂಖ್ಯೆ.

ಎರಡು ವಿಷಯ ಕೇಳಬೇಕು. ಆ ದಿನ ಮಗು ಊಟಕ್ಕೆ ಏನು ತಿಂದಿದ್ದಳು? ಸ್ಪೈರೋಮೆಟ್ರಿ ಮೊದಲು ಮಾಡಿಸಿದರೋ ಇದನ್ನು ಮೊದಲು ಮಾಡಿಸಿದರೋ?

ತಾಯಿ, ಬೆಂಗಳೂರು

ತಕ್ಷಣ ಉತ್ತರಿಸಿದ್ದಕ್ಕೆ ಕೃತಜ್ಞತೆಗಳು. ಮೂಗಿನ ತೊಂದರೆಗೆ ಮಾಡಿದ ಪರೀಕ್ಷೆ ಮೂಗನ್ನೇ ಹೊರಗಿಡುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಅಂದು ಶಾಲೆಯಿಂದ ನೇರವಾಗಿ ಕರೆದುಕೊಂಡು ಹೋಗಿದ್ದೆ. ಡಬ್ಬಿಗೆ ಚಪಾತಿ, ಬೀಟ್‌ರೂಟ್ ಪಲ್ಯ ಹಾಕಿದ್ದೆ. ಊದುವ ಎರಡು ಪರೀಕ್ಷೆಗಳಲ್ಲಿ ಜೋರಾಗಿ ಊದುವುದನ್ನು ಮೊದಲು ಮಾಡಿಸಿದರು.

ಉತ್ತರ: ಶ್ವಾಸಕೋಶ ಪರೀಕ್ಷಾಲಯದ ತಂತ್ರಜ್ಞೆ, ಮೈಸೂರು

ಹಾಗಾದರೆ ಆ ಸಂಖ್ಯೆಯನ್ನು ಎರಡು ಕಡೆಯಿಂದ ಎಳೆದಂತಾಗಿದೆ. ಬೀಟ್‌ರೂಟ್, ಪಾಲಕ್‌ನಂಥ ಸೊಪ್ಪುಗಳಲ್ಲಿ ನೈಟ್ರೇಟ್ ಹೇರಳವಾಗಿರುವುದರಿಂದ ತಿಂದ ಕೆಲವು ಗಂಟೆಗಳವರೆಗೆ ಉಸಿರಿನ ನೈಟ್ರಿಕ್ ಆಕ್ಸೈಡ್ ಏರಿರಬಹುದು. ಜೋರಾಗಿ ಊದುವ ಸ್ಪೈರೋಮೆಟ್ರಿಯ ನಂತರ ಅದು ಸ್ವಲ್ಪ ಹೊತ್ತು ಇಳಿದಿರುತ್ತದೆ. ಆದ್ದರಿಂದ ನಿಯಮದ ಪ್ರಕಾರ ಫೀನೋ ಮೊದಲು, ಸ್ಪೈರೋಮೆಟ್ರಿ ಆಮೇಲೆ. ಯಂತ್ರ ತಪ್ಪು ಹೇಳಿತೆಂದು ನಾನು ಹೇಳುತ್ತಿಲ್ಲ. ಆದರೆ ಗಡಿಯ ಸಮೀಪವಿರುವ ಒಂದು ಸಂಖ್ಯೆಯ ಮೇಲೆ ದೊಡ್ಡ ತೀರ್ಮಾನ ಮಾಡುವ ಮೊದಲು ಅದನ್ನು ಸರಿಯಾದ ಕ್ರಮದಲ್ಲಿ ಮತ್ತೊಮ್ಮೆ ಅಳೆಯುವುದು ನ್ಯಾಯ.

ಉತ್ತರ: ಕಿವಿ ಮೂಗು ಗಂಟಲು ವೈದ್ಯ, ಹುಬ್ಬಳ್ಳಿ

ತಾಯಿಯವರು ಕೇಳಿದ ಎರಡನೆಯ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿ ಉತ್ತರಿಸುತ್ತೇನೆ, ಏಕೆಂದರೆ ಇದೇ ಪ್ರಶ್ನೆ ನನ್ನ ಕೋಣೆಯಲ್ಲಿಯೂ ವಾರಕ್ಕೊಮ್ಮೆಯಾದರೂ ಬರುತ್ತದೆ.

ಮನುಷ್ಯನ ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಇದೆಯೆಂದು ಸ್ವೀಡನ್ನಿನ ಗುಸ್ತಾಫ್ಸನ್ ಮತ್ತು ಸಂಗಡಿಗರು ತೋರಿಸಿದ್ದು 1991ರಲ್ಲಿ. ಎರಡು ವರ್ಷಗಳ ನಂತರ ಅದೇ ದೇಶದ ಆಲ್ವಿಂಗ್, ವೈಟ್ಸ್‌ಬರ್ಗ್ ಮತ್ತು ಲುಂಡ್‌ಬರ್ಗ್ ಅವರು ಆಸ್ತಮಾ ಇರುವವರ ಉಸಿರಿನಲ್ಲಿ ಇದು ಹೆಚ್ಚಿರುತ್ತದೆಂದು ಪ್ರಕಟಿಸಿದರು. ಅಲರ್ಜಿಯ ಬಗೆಯ ಉರಿಯೂತದಲ್ಲಿ ಇಂಟರ್‌ಲ್ಯೂಕಿನ್ 4 ಮತ್ತು 13 ಎಂಬ ಸಂಕೇತವಸ್ತುಗಳು ಬಿಡುಗಡೆಯಾಗಿ, ಶ್ವಾಸನಾಳದ ಒಳಪದರದ ಜೀವಕೋಶಗಳಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವನ್ನು ಹೆಚ್ಚಿಸುತ್ತವೆ. ಹಾಗಾಗಿ ಉಸಿರಿನಲ್ಲಿ ಈ ಅನಿಲ ಏರಿದ್ದರೆ ಆ ಬಗೆಯ ಉರಿಯೂತ ಒಳಗೆ ನಡೆಯುತ್ತಿದೆಯೆಂದು ಊಹಿಸಬಹುದು. ಸ್ಟೀರಾಯ್ಡ್ ಔಷಧಿಗೆ ಆ ಉರಿಯೂತ ತಗ್ಗಿದಾಗ ಸಂಖ್ಯೆಯೂ ತಗ್ಗುತ್ತದೆ.

ಮೂಗನ್ನು ಹೊರಗಿಟ್ಟು ಅಳೆದರೂ ಮೂಗಿನ ಅಲರ್ಜಿಯವರಲ್ಲಿ ಸಂಖ್ಯೆ ಏಕೆ ಏರುತ್ತದೆ? ಮೂಗು ಮತ್ತು ಶ್ವಾಸಕೋಶ ಒಂದೇ ದಾರಿಯ ಎರಡು ತುದಿಗಳು. ಮೂಗಿನ ಅಲರ್ಜಿ ಮತ್ತು ಆಸ್ತಮಾಗಳನ್ನು ಒಟ್ಟಿಗೇ ನೋಡಬೇಕೆಂದು ಅರಿಯಾ ಎಂಬ ಅಂತರರಾಷ್ಟ್ರೀಯ ತಜ್ಞರ ಬಳಗ 2001ರ ವರದಿಯಲ್ಲಿಯೇ ಒತ್ತಿ ಹೇಳಿತು. ಉಬ್ಬಸವೇ ಇಲ್ಲದ, ಬರೀ ಸೀನು ಮತ್ತು ಮೂಗು ಕಟ್ಟುವುದಿರುವ ಅನೇಕರಲ್ಲಿ ಫೀನೋ ಆರೋಗ್ಯವಂತರಿಗಿಂತ ಹೆಚ್ಚಿರುವುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಅಲರ್ಜಿಯಲ್ಲದ ನೆಗಡಿಯವರಲ್ಲಿ, ಅಂದರೆ ತಂಪು ಗಾಳಿ, ಊದಿನಕಡ್ಡಿಯ ಹೊಗೆ, ಒಗ್ಗರಣೆಯ ಘಾಟಿಗೆ ಮಾತ್ರ ಮೂಗು ಸೋರುವವರಲ್ಲಿ, ಅದು ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ಆದ್ದರಿಂದ ಎರಡನ್ನು ಬೇರ್ಪಡಿಸಲು ಇದರಿಂದ ಸಹಾಯ ಸಿಗುತ್ತದೆ ಎಂಬ ಮಾತು ಸುಳ್ಳಲ್ಲ.

ಆದರೆ ಆ ಸಹಾಯಕ್ಕೆ ಮಿತಿಯಿದೆ. ಶ್ವಾಸಕೋಶ ತಜ್ಞರ ಸಂಘವಾದ ಅಮೆರಿಕದ ಥೊರಾಸಿಕ್ ಸೊಸೈಟಿ 2011ರಲ್ಲಿ ಹೇಳಿದ ಗಡಿಗಳು ಹೀಗಿವೆ: ವಯಸ್ಕರಲ್ಲಿ 25ಕ್ಕಿಂತ ಕಡಿಮೆಯಾದರೆ ಕೆಳಮಟ್ಟ, 50ಕ್ಕಿಂತ ಹೆಚ್ಚಾದರೆ ಮೇಲ್ಮಟ್ಟ, 12 ವರ್ಷದೊಳಗಿನ ಮಕ್ಕಳಲ್ಲಿ ಅವೇ ಗಡಿಗಳು 20 ಮತ್ತು 35. ನಡುವೆ ಬಂದದ್ದನ್ನು ರೋಗಿಯ ಲಕ್ಷಣಗಳೊಡನೆ ತೂಗಿ ನೋಡಬೇಕು. ಈ ಗಡಿಗಳನ್ನು ಗೊತ್ತುಮಾಡಿದ್ದು ಕೆಳಗಿನ ಶ್ವಾಸನಾಳದ ಉರಿಯೂತಕ್ಕಾಗಿ, ಮೂಗಿನ ಅಲರ್ಜಿಗಾಗಿ ಅಲ್ಲ. ಅಲರ್ಜಿಯ ದೇಹಪ್ರಕೃತಿಯಿದ್ದು ಯಾವ ಲಕ್ಷಣವೂ ಇಲ್ಲದವರಲ್ಲಿಯೂ ಸಂಖ್ಯೆ ಸ್ವಲ್ಪ ಏರಿರಬಹುದು. ಎಲ್ಲಕ್ಕಿಂತ ಮುಖ್ಯವಾದ ಕೊರತೆಯೆಂದರೆ, ಉಸಿರು ಉರಿಯೂತದ ಬಗೆಯನ್ನು ಸೂಚಿಸಬಹುದೇ ಹೊರತು ಅದಕ್ಕೆ ಕಾರಣ ಧೂಳಿನ ನುಸಿಯೋ, ಜಿರಲೆಯೋ, ಕಾಂಗ್ರೆಸ್ ಗಿಡದ ಪರಾಗವೋ, ಗೋಡೆಯ ಬೂಷ್ಟೋ ಎಂಬುದನ್ನು ಹೇಳುವುದಿಲ್ಲ. ಅದನ್ನು ಹೇಳುವುದು ಚರ್ಮಕ್ಕೆ ಚುಚ್ಚಿ ನೋಡುವ ಸ್ಕಿನ್ ಪ್ರಿಕ್ ಪರೀಕ್ಷೆ ಅಥವಾ ಆಯಾ ವಸ್ತುವಿನ ವಿರುದ್ಧ ರಕ್ತದಲ್ಲಿರುವ ಐಜಿಇ ಎಂಬ ಅಲರ್ಜಿಯ ಪ್ರತಿಕಾಯವನ್ನು ಅಳೆಯುವ ಪರೀಕ್ಷೆ.

ಮೂಗಿನದೇ ನೈಟ್ರಿಕ್ ಆಕ್ಸೈಡನ್ನು ಅಳೆಯುವ ಬೇರೆ ವಿಧಾನವೂ ಇದೆ. ಒಂದು ಹೊಳ್ಳೆಗೆ ಚಿಕ್ಕ ನಳಿಕೆಯಿಟ್ಟು, ರೋಗಿ ಉಸಿರು ಹಿಡಿದಿರುವಾಗ ಅಥವಾ ಬಾಯಿಂದ ತಡೆಯೆದುರು ಊದುತ್ತಿರುವಾಗ, ಯಂತ್ರವೇ ಗಾಳಿಯನ್ನು ಹೀರಿಕೊಳ್ಳುತ್ತದೆ. ಮೂಗಿನ ಅಲರ್ಜಿಗೆ ಇದೇ ತಕ್ಕ ಪರೀಕ್ಷೆಯೆಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಈ ಅನಿಲದ ಬಹುಭಾಗ ಹುಟ್ಟುವುದು ಕೆನ್ನೆ ಮತ್ತು ಹಣೆಯ ಮೂಳೆಗಳೊಳಗಿನ ಸೈನಸ್ ಕುಳಿಗಳಲ್ಲಿ ಎಂಬುದನ್ನು ಲುಂಡ್‌ಬರ್ಗ್ ತಂಡ 1995ರಲ್ಲಿ ತೋರಿಸಿತು. ಅಲರ್ಜಿಯಿಂದ ಒಳಪದರ ಹೆಚ್ಚು ಅನಿಲವನ್ನು ತಯಾರಿಸಿದರೂ, ಅದೇ ಅಲರ್ಜಿಯಿಂದ ಊದಿಕೊಂಡ ಒಳಪದರ ಸೈನಸ್‌ಗಳ ಕಿರುಬಾಗಿಲುಗಳನ್ನು ಮುಚ್ಚಿಬಿಟ್ಟರೆ ಅನಿಲ ಹೊರಬರಲಾರದು. ಒಂದು ಕಾರಣ ಸಂಖ್ಯೆಯನ್ನು ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ. ಅಲರ್ಜಿ ಜೋರಾಗಿರುವ ದಿನವೇ ಸಂಖ್ಯೆ ಸಾಧಾರಣವಾಗಿ ಕಾಣುವ ಸಾಧ್ಯತೆಯಿದೆ, ಮೂಗಿನಲ್ಲಿ ಪಾಲಿಪ್ ಎಂಬ ಮೆದು ಗಡ್ಡೆ ಇದ್ದರಂತೂ ತೀರಾ ಕೆಳಗಿಳಿಯುತ್ತದೆ. ಅಧ್ಯಯನಗಳ ಫಲಿತಾಂಶಗಳು ಒಂದಕ್ಕೊಂದು ಹೊಂದದಿರುವುದಕ್ಕೆ ಇದೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ.

ಮೂಗಿನ ಈ ಅಳತೆಗೆ ಗಟ್ಟಿಯಾದ ಬಳಕೆ ಬೇರೊಂದು ಕಡೆ ಸಿಕ್ಕಿದೆ. ಹುಟ್ಟಿನಿಂದಲೇ ಒಳಪದರದ ಸೂಕ್ಷ್ಮ ರೋಮಗಳು ಸರಿಯಾಗಿ ಚಲಿಸದ ಸಿಲಿಯರಿ ಡಿಸ್ಕೈನೇಶಿಯಾ ಎಂಬ ಅಪರೂಪದ ಕಾಯಿಲೆಯಲ್ಲಿ ಇದು ಬಹಳ ಕಡಿಮೆಯಿರುತ್ತದೆ. ನಿಮಿಷಕ್ಕೆ 77 ನ್ಯಾನೋಲೀಟರ್‌ಗಿಂತ ಕಡಿಮೆ ಬಂದರೆ ಆ ದಿಕ್ಕಿನಲ್ಲಿ ಹುಡುಕುತ್ತಾರೆ. ಹುಟ್ಟಿದಂದಿನಿಂದ ವರ್ಷಪೂರ್ತಿ ಮೂಗು ಸೋರುವ, ಒದ್ದೆ ಕೆಮ್ಮು ಬಿಡದ, ಪದೇ ಪದೇ ಕಿವಿ ಸೋಂಕು ಬರುವ ಮಗುವನ್ನು ‘ಅಲರ್ಜಿ’ ಎಂದು ತಳ್ಳಿಹಾಕದಿರಲು ಈ ಪರೀಕ್ಷೆ ನೆರವಾಗುತ್ತದೆ. ನಿಮ್ಮ ಮಗಳ ಕಥೆ ಹಾಗಿಲ್ಲ.

ಈಗ ನಾನು ಒಂದು ಪ್ರಶ್ನೆ ಕೇಳುತ್ತೇನೆ, ದಯವಿಟ್ಟು ಮಗುವನ್ನೇ ಕೇಳಿ ಉತ್ತರಿಸಿ. ಓಡಿದಾಗ, ನಕ್ಕಾಗ, ನಸುಕಿನಲ್ಲಿ ಅವಳಿಗೆ ಕೆಮ್ಮು ಬರುತ್ತದೆಯೇ?

ಪ್ರತಿಕ್ರಿಯೆ: ಯೋಗ ಶಿಕ್ಷಕ, ಶಿವಮೊಗ್ಗ

ವೈದ್ಯರಿಗೆ ನಮಸ್ಕಾರ. ಸೈನಸ್‌ಗಳ ಕಿರುಬಾಗಿಲುಗಳ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ಭ್ರಾಮರಿ ಪ್ರಾಣಾಯಾಮದಲ್ಲಿ ದುಂಬಿಯಂತೆ ಗುಂಯ್‌ಗುಡುವುದರಿಂದ ಮೂಗಿನ ನೈಟ್ರಿಕ್ ಆಕ್ಸೈಡ್ ಹೆಚ್ಚುತ್ತದೆಂದು ಶಿಬಿರಗಳಲ್ಲಿ ಹೇಳುತ್ತಾರೆ. ಇದಕ್ಕೆ ಆಧಾರವಿದೆಯೇ? ನನ್ನ ವಿದ್ಯಾರ್ಥಿಗಳಿಗೆ ತಪ್ಪು ಹೇಳಬಾರದು ಎಂಬುದೇ ನನ್ನ ಕಾಳಜಿ.

ಉತ್ತರ: ಕಿವಿ ಮೂಗು ಗಂಟಲು ವೈದ್ಯ, ಹುಬ್ಬಳ್ಳಿ

ಆಧಾರವಿದೆ ಸರ್. ಬಾಯಿ ಮುಚ್ಚಿ ಗುಂಯ್‌ಗುಟ್ಟಿದಾಗ ಮೂಗಿನ ಮೂಲಕ ಬರುವ ಈ ಅನಿಲ, ಸುಮ್ಮನೆ ಉಸಿರು ಬಿಡುವಾಗಿನದಕ್ಕಿಂತ ಸುಮಾರು 15 ಪಟ್ಟು ಏರುತ್ತದೆಂದು ವೈಟ್ಸ್‌ಬರ್ಗ್ ಮತ್ತು ಲುಂಡ್‌ಬರ್ಗ್ 2002ರಲ್ಲಿ ಪ್ರಕಟಿಸಿದರು. ಧ್ವನಿಯ ಕಂಪನಕ್ಕೆ ಮೂಗಿನ ಗಾಳಿ ಹಿಂದೆ ಮುಂದೆ ಅಲುಗಿ, ಸೈನಸ್‌ಗಳಲ್ಲಿ ಕೂಡಿಟ್ಟ ಅನಿಲ ಹೊರಗೆ ಬರುತ್ತದೆ. ಬಾಗಿಲು ಮುಚ್ಚಿಕೊಂಡವರಲ್ಲಿ ಈ ಏರಿಕೆ ಕಾಣುವುದಿಲ್ಲ. ಸೈನಸ್ ತೆರೆದಿದೆಯೇ ಎಂದು ತಿಳಿಯಲು ಗುಂಯ್‌ಗುಟ್ಟಿಸಿ ಅಳೆಯಬಹುದು ಎಂಬ ವಿಚಾರ ಹುಟ್ಟಿದ್ದು ಹೀಗೆ. ಅನಿಲ ಹೊರಬರುತ್ತದೆ ಎಂಬುದನ್ನು ನೀವು ಧೈರ್ಯವಾಗಿ ಹೇಳಬಹುದು. ಅದರಿಂದ ಅಲರ್ಜಿ ವಾಸಿಯಾಗುತ್ತದೆಂದು ಮಾತ್ರ ಹೇಳಬೇಡಿ, ಔಷಧಿ ಬಿಡಿಸಬೇಡಿ.

ಅನುಭವ: ಕಾರ್ಖಾನೆ ನೌಕರ, ದಾವಣಗೆರೆ

ನನ್ನ ಅನುಭವ ಈ ತಾಯಿಯವರದಕ್ಕೆ ವಿರುದ್ಧವಾದದ್ದು. ವಯಸ್ಸು 32. ಗೋದಾಮಿಗೆ ಕಾಲಿಟ್ಟರೆ ಸೀನು, ಮನೆಯಲ್ಲಿ ಹಳೆಯ ಹಾಸಿಗೆ ಕೊಡವಿದರೆ ಕಣ್ಣು ಮೂಗೆಲ್ಲ ತುರಿಕೆ. ಉಸಿರಿನ ಪರೀಕ್ಷೆಯಲ್ಲಿ 14 ಬಂತು. ‘ನಿಮಗೆ ಅಲರ್ಜಿಯೇ ಇಲ್ಲ, ತಂಪಿಗೆ ಹೀಗಾಗುತ್ತದೆ’ ಎಂದು ಒಬ್ಬ ವೈದ್ಯರು ಹೇಳಿದರು, ನಾನೂ ನಂಬಿ ಒಂದು ವರ್ಷ ಕಳೆದೆ. ಆಮೇಲೆ ಬೇರೊಬ್ಬರು ಕೈಗೆ ಚುಚ್ಚಿ ಪರೀಕ್ಷಿಸಿದಾಗ ಧೂಳಿನ ನುಸಿಗೆ ದೊಡ್ಡ ದದ್ದು ಎದ್ದಿತು. ನಾನು ದಿನಕ್ಕೆ ಎಂಟು ಹತ್ತು ಸಿಗರೇಟು ಸೇದುತ್ತಿದ್ದೆ, ಆ ವಾರ ಉಬ್ಬಸದ ಪಂಪನ್ನೂ ತೆಗೆದುಕೊಂಡಿದ್ದೆ. ಇವೆರಡನ್ನೂ ಮೊದಲ ಸಲ ಯಾರೂ ಕೇಳಿರಲಿಲ್ಲ, ಹೇಳಬೇಕೆಂದು ನನಗೂ ಗೊತ್ತಿರಲಿಲ್ಲ.

ಉತ್ತರ: ಶ್ವಾಸಕೋಶ ಪರೀಕ್ಷಾಲಯದ ತಂತ್ರಜ್ಞೆ, ಮೈಸೂರು

ಅಣ್ಣ, ನೀವು ಬರೆದದ್ದು ಬಹಳ ಜನರಿಗೆ ಉಪಯೋಗವಾಗುತ್ತದೆ. ಧೂಮಪಾನ ಈ ಸಂಖ್ಯೆಯನ್ನು ಇಳಿಸುತ್ತದೆ, ಸ್ಟೀರಾಯ್ಡ್ ಇರುವ ಪಂಪು ಇನ್ನೂ ಇಳಿಸುತ್ತದೆ. ವೈರಸ್ ನೆಗಡಿ ಇದ್ದಾಗ ಏರುತ್ತದೆ. ಕಡಿಮೆ ಸಂಖ್ಯೆ ಬಂದ ಮಾತ್ರಕ್ಕೆ ಅಲರ್ಜಿ ಇಲ್ಲವೆಂದು ಹೇಳಲು ಬರುವುದಿಲ್ಲ. ಊದಿಸುವ ಮೊದಲು ಇವನ್ನೆಲ್ಲ ಕೇಳಿ ವರದಿಯ ಮೇಲೆ ಬರೆಯುವುದು ನಮ್ಮ ಕೆಲಸ, ಅದನ್ನು ಮಾಡದಿದ್ದರೆ ಸಂಖ್ಯೆ ಓದುವ ವೈದ್ಯರ ಕೈ ಕಟ್ಟಿದಂತಾಗುತ್ತದೆ.

ಪ್ರತಿಕ್ರಿಯೆ: ರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಒಂದೇ ಅನಿಲದ ಮೇಲೆ ಇಷ್ಟು ಭಾರ ಹಾಕುವುದಕ್ಕಿಂತ ಉಸಿರಿನ ಇಡೀ ಮಿಶ್ರಣವನ್ನು ಓದುವ ಪ್ರಯತ್ನವೂ ನಡೆಯುತ್ತಿದೆ. ರಸಾಯನಶಾಸ್ತ್ರಜ್ಞ ಲೈನಸ್ ಪೌಲಿಂಗ್ 1971ರಲ್ಲಿ, ಆವಿಯ ಮಿಶ್ರಣವನ್ನು ಬಿಡಿಬಿಡಿಯಾಗಿ ಬೇರ್ಪಡಿಸುವ ಗ್ಯಾಸ್ ಕ್ರೊಮಟೋಗ್ರಫಿಯಿಂದ ಉಸಿರಿನಲ್ಲಿ ಇನ್ನೂರಕ್ಕೂ ಹೆಚ್ಚು ವಸ್ತುಗಳಿವೆಯೆಂದು ತೋರಿಸಿದರು. ಅಸಿಟೋನ್, ಐಸೋಪ್ರೀನ್‌ನಂಥ ಆವಿಗಳ ಪ್ರಮಾಣದ ವಿನ್ಯಾಸವನ್ನು ಗುರುತಿಸುವ ‘ಎಲೆಕ್ಟ್ರಾನಿಕ್ ಮೂಗು’ಗಳು, ಉಸಿರನ್ನು ತಂಪು ನಳಿಕೆಯಲ್ಲಿ ಹನಿಗಟ್ಟಿಸಿ ಆ ನೀರಿನಲ್ಲಿ ಉರಿಯೂತದ ಗುರುತುಗಳನ್ನು ಹುಡುಕುವ ವಿಧಾನ, ಇವು ಪ್ರಯೋಗಶಾಲೆಗಳಲ್ಲಿವೆ. ಆದರೆ ಕೋಣೆಯ ಗಾಳಿ, ಫಿನಾಯಿಲ್ ವಾಸನೆ, ತಿಂದ ಆಹಾರ, ಹಲ್ಲುಜ್ಜಿದ ಪೇಸ್ಟು, ಬಾಯಿಯ ಬ್ಯಾಕ್ಟೀರಿಯಾ ಎಲ್ಲವೂ ಆ ಮಿಶ್ರಣಕ್ಕೆ ಸೇರುತ್ತವೆ. ಹನಿಗಟ್ಟಿಸಿದ ನೀರಿನಲ್ಲಂತೂ ಹುಡುಕುವ ವಸ್ತು ಎಷ್ಟು ತೆಳುವಾಗಿರುತ್ತದೆಂದರೆ ಯಂತ್ರದ ಗುರುತಿಸುವ ಮಿತಿಯ ಅಂಚಿನಲ್ಲಿಯೇ ಕೆಲಸ ಮಾಡಬೇಕಾಗುತ್ತದೆ. ಮೂಗಿನ ಅಲರ್ಜಿಯನ್ನು ಈ ದಾರಿಯಲ್ಲಿ ಖಚಿತಪಡಿಸುತ್ತೇವೆಂದು ಯಾರಾದರೂ ಇಂದು ಜಾಹೀರಾತು ಕೊಟ್ಟರೆ ಹಣ ಕೊಡುವ ಮೊದಲು ನಿಮ್ಮ ವೈದ್ಯರನ್ನು ಕೇಳಿ.

ತಾಯಿ, ಬೆಂಗಳೂರು

ವೈದ್ಯರೇ, ನಿಮ್ಮ ಪ್ರಶ್ನೆಯನ್ನು ರಾತ್ರಿ ಮಗಳನ್ನು ಕೇಳಿದೆ. ಶಾಲೆಯ ಮೈದಾನದಲ್ಲಿ ಮೂರನೆಯ ಸುತ್ತು ಓಡುವಾಗ ಕೆಮ್ಮು ಬಂದು ನಿಂತುಬಿಡುತ್ತಾಳಂತೆ. ‘ಎಲ್ಲರಿಗೂ ಹಾಗೆಯೇ ಆಗುತ್ತದೆ ಅಂದುಕೊಂಡಿದ್ದೆ ಅಮ್ಮ’ ಎಂದಳು. ನಸುಕಿನ ಕೆಮ್ಮನ್ನು ನಾನೂ ಕೇಳಿದ್ದೇನೆ, ಮೂಗಿನ ನೀರು ಗಂಟಲಿಗೆ ಇಳಿದದ್ದರಿಂದ ಎಂದು ಭಾವಿಸಿದ್ದೆ. ಎರಡು ವರ್ಷ ಮೂಗನ್ನೇ ನೋಡುತ್ತಾ ಕುಳಿತೆ ಎಂದು ಮನಸ್ಸಿಗೆ ಬಹಳ ನೋವಾಗಿದೆ. ಈಗ ಏನು ಮಾಡಲಿ?

ಉತ್ತರ: ಕಿವಿ ಮೂಗು ಗಂಟಲು ವೈದ್ಯ, ಹುಬ್ಬಳ್ಳಿ

ತಾಯಿ, ನೊಂದುಕೊಳ್ಳಬೇಡಿ. ಮಗು ಹೇಳದ ಕೆಮ್ಮನ್ನು ನೀವು ಕಾಣುವುದಾದರೂ ಹೇಗೆ? ನಿಮ್ಮ ಮಗಳ ವಿಷಯದಲ್ಲಿ ಉಸಿರಿನ ಪರೀಕ್ಷೆ ಮಾಡಿದ ನಿಜವಾದ ಉಪಕಾರ ಇದೇ ಎಂದು ನನಗೆ ತೋರುತ್ತದೆ. ಮೂಗಿನ ಅಲರ್ಜಿಯನ್ನು ಹೇಳಲು ನೀವು ಮೊದಲು ಬರೆದ ಲಕ್ಷಣಗಳೇ ಬಹುಮಟ್ಟಿಗೆ ಸಾಕು: ನೀರಿನಂಥ ಸೋರಿಕೆ, ಸಾಲು ಸೀನು, ತುರಿಕೆ, ಮೂಗಿನ ಅಡ್ಡಗೆರೆ. ಉಸಿರಿನ ಸಂಖ್ಯೆಯನ್ನು ನೋಡಿ ಕೇಳಬೇಕಾಗಿದ್ದುದು ಕೆಳಗಿನ ಶ್ವಾಸನಾಳವೂ ಸೇರಿಕೊಂಡಿದೆಯೇ ಎಂಬುದನ್ನು. ಆಸ್ತಮಾ ಇರುವವರಲ್ಲಿ ಬಹುಪಾಲು ಜನರಿಗೆ ಮೂಗಿನ ತೊಂದರೆಯೂ ಇರುತ್ತದೆ, ಮೂಗಿನ ಅಲರ್ಜಿಯಿರುವ ಮಕ್ಕಳಲ್ಲಿ ಆಸ್ತಮಾ ಅಡಗಿರುವುದೂ ಅಪರೂಪವಲ್ಲ. ಬ್ರಿಟನ್ನಿನ 2024ರ ಮಾರ್ಗಸೂಚಿಯಂತೆ, ಆಸ್ತಮಾದ ಲಕ್ಷಣಗಳಿರುವ 5ರಿಂದ 16 ವರ್ಷದ ಮಕ್ಕಳಲ್ಲಿ ಫೀನೋ 35 ಅಥವಾ ಹೆಚ್ಚಿದ್ದರೆ ಅದು ಆಸ್ತಮಾದ ಪರವಾದ ಬಲವಾದ ಸಾಕ್ಷ್ಯ. ಮಗಳ 38ರಲ್ಲಿ ಬೀಟ್‌ರೂಟಿನ ಪಾಲೂ ಇರಬಹುದು, ಆದ್ದರಿಂದ ಮತ್ತೆ ಅಳೆಸಿ. ಚೆನ್ನಾಗಿರುವ ದಿನ ಸ್ಪೈರೋಮೆಟ್ರಿ ಸರಿಯಾಗಿ ಬರುವುದು ಆಸ್ತಮಾದಲ್ಲಿ ಸಾಮಾನ್ಯ, ಅದರಿಂದ ಸಮಾಧಾನಪಡಬೇಡಿ. ಮಕ್ಕಳ ಶ್ವಾಸಕೋಶ ತಜ್ಞರಿಗೆ ಓಟದ ಕೆಮ್ಮಿನ ಮಾತನ್ನೇ ಮೊದಲು ಹೇಳಿ.

ಸ್ಕಿನ್ ಪ್ರಿಕ್ ಪರೀಕ್ಷೆ ಬೇಕೇ ಎಂದು ಕೇಳಿದ್ದಿರಿ. ಬೇಕು ಎಂದೇ ನನ್ನ ಅಭಿಪ್ರಾಯ, ಆದರೆ ಎದೆಯ ವಿಚಾರ ಇತ್ಯರ್ಥವಾಗಿ ಉಸಿರಾಟ ಹತೋಟಿಯಲ್ಲಿದ್ದಾಗ. ಮುಂಗೈಯ ಒಳಭಾಗದ ಮೇಲೆ ಅಲರ್ಜಿ ತರುವ ಒಂದೊಂದು ವಸ್ತುವಿನ ಒಂದೊಂದು ಹನಿ ದ್ರಾವಣವಿಟ್ಟು ಮೊನೆಯಿಂದ ಮೇಲುಮೇಲೆ ಮೀಟುತ್ತಾರೆ, ರಕ್ತ ಬರುವಷ್ಟು ಚುಚ್ಚುವುದಿಲ್ಲ. 15ರಿಂದ 20 ನಿಮಿಷದಲ್ಲಿ ಉತ್ತರ ಸಿಗುತ್ತದೆ. ಆ ವಸ್ತು ಬೆರೆಸದ ಬರೀ ದ್ರಾವಣದ ಗುರುತಿಗಿಂತ 3 ಮಿಲಿಮೀಟರ್ ಅಥವಾ ಹೆಚ್ಚು ದೊಡ್ಡ ದದ್ದು ಎದ್ದರೆ ಆ ವಸ್ತುವಿಗೆ ದೇಹ ಸ್ಪಂದಿಸುತ್ತಿದೆಯೆಂದು ಅರ್ಥ. ಸೆಟಿರಿಜಿನ್ ದದ್ದನ್ನು ಅಡಗಿಸುವುದರಿಂದ ಅದನ್ನು ಸುಮಾರು ಒಂದು ವಾರ ಮೊದಲು ನಿಲ್ಲಿಸಬೇಕಾಗುತ್ತದೆ, ಯಾವ ದಿನದಿಂದ ಎಂಬುದನ್ನು ಪರೀಕ್ಷೆ ಮಾಡುವವರೇ ತಿಳಿಸುತ್ತಾರೆ. ಮೂಗಿನ ಸ್ಟೀರಾಯ್ಡ್ ಸ್ಪ್ರೇ ನಿಲ್ಲಿಸಬೇಕಾಗಿಲ್ಲ. ಮೀಟಿಸಿಕೊಳ್ಳಲು ಮಗು ಒಪ್ಪದಿದ್ದರೆ ರಕ್ತದ ಐಜಿಇ ಪರೀಕ್ಷೆಯಿದೆ, ಅದಕ್ಕೆ ಮಾತ್ರೆ ಬಿಡುವ ಅಗತ್ಯವೂ ಇಲ್ಲ.

ಇನ್ನೊಂದು ಮಾತು. ಬೆಂಗಳೂರಿನಲ್ಲಿ ರಸ್ತೆಬದಿಯ ಮರ ಮೈತುಂಬ ಹೂಬಿಟ್ಟಾಗ ಸೀನು ಬಂದರೆ ಎಲ್ಲರೂ ಆ ಹೂವನ್ನೇ ದೂರುತ್ತಾರೆ. ಬಣ್ಣದ ಹೂಗಳ ಪರಾಗ ಸಾಮಾನ್ಯವಾಗಿ ಅಂಟಾಗಿರುತ್ತದೆ, ದುಂಬಿ ಜೇನುಗಳು ಹೊತ್ತೊಯ್ಯುತ್ತವೆ. ಗಾಳಿಯಲ್ಲಿ ತೇಲಿ ಮೂಗಿಗೆ ಬರುವುದು ಹೆಚ್ಚಾಗಿ ಹುಲ್ಲಿನಂಥ, ಕಣ್ಣಿಗೆ ಕಾಣದ ಹೂಗಳ ಪರಾಗ. ಬೆಳಗ್ಗೆ ಹಾಸಿಗೆಯಲ್ಲಿಯೇ ಸೀನು ಶುರುವಾಗುತ್ತದೆಂದು ನೀವು ಬರೆದಿರುವುದರಿಂದ ನನ್ನ ಮೊದಲ ಅನುಮಾನ ಹಾಸಿಗೆ ದಿಂಬಿನ ನುಸಿಯ ಮೇಲೆ. ಹೌದೋ ಅಲ್ಲವೋ ಎಂಬುದನ್ನು ಕೈಯ ಮೇಲಿನ ದದ್ದು ಹೇಳಲಿ.

ತಾಯಿ, ಬೆಂಗಳೂರು

ಮುಂದಿನ ಗುರುವಾರ ಮಕ್ಕಳ ಶ್ವಾಸಕೋಶ ತಜ್ಞರ ಸಮಯ ಸಿಕ್ಕಿದೆ. ಮೈಸೂರಿನ ಮೇಡಂ, ಆ ದಿನ ಮಗುವನ್ನು ಹೇಗೆ ಸಿದ್ಧಪಡಿಸಿ ಕರೆದೊಯ್ಯಲಿ?

ಉತ್ತರ: ಶ್ವಾಸಕೋಶ ಪರೀಕ್ಷಾಲಯದ ತಂತ್ರಜ್ಞೆ, ಮೈಸೂರು

ಬುಧವಾರ ರಾತ್ರಿಯಿಂದ ಬೀಟ್‌ರೂಟ್, ಸೊಪ್ಪಿನ ಪಲ್ಯ, ಸೊಪ್ಪಿನ ಸಾರು ಬೇಡ. ಇಡ್ಲಿ, ಮೊಸರನ್ನ ಸಾಕು. ಪರೀಕ್ಷೆಗೆ ಒಂದು ಗಂಟೆ ಮೊದಲಿನಿಂದ ಏನೂ ತಿನ್ನದೆ ಕುಡಿಯದೆ ಇರಲಿ, ಓಡಾಡಿಸಬೇಡಿ. ಜ್ವರ ನೆಗಡಿ ಬಂದಿದ್ದರೆ ಮೊದಲೇ ತಿಳಿಸಿ ದಿನ ಮುಂದೂಡಿ. ಒಳಗೆ ಹೋದ ಕೂಡಲೇ ‘ಫೀನೋ ಮೊದಲು, ಜೋರಾಗಿ ಊದುವುದು ಆಮೇಲೆ’ ಎಂದು ಕೇಳಿಕೊಳ್ಳಿ, ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಹಳೆಯ ವರದಿಯನ್ನು ಜೊತೆಗೊಯ್ಯಿರಿ. 50ಕ್ಕಿಂತ ಕೆಳಗಿನ ಸಂಖ್ಯೆಗಳಲ್ಲಿ 10 ಪಿಪಿಬಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮಾತ್ರ ಅದನ್ನು ನಿಜವಾದ ಬದಲಾವಣೆಯೆಂದು ಎಣಿಸುತ್ತಾರೆ, ಹಾಗಾಗಿ 38ರ ಬದಲು 34 ಬಂದರೆ ಕಡಿಮೆಯಾಯಿತೆಂದು ಹಿಗ್ಗಬೇಡಿ. ಮನೆಯಲ್ಲಿ ಒಂದು ಸ್ಟ್ರಾ ಕೊಟ್ಟು, ಲೋಟದ ನೀರಿನಲ್ಲಿ ಗುಳ್ಳೆಗಳು ಒಂದೇ ಸಮನೆ ಏಳುವಂತೆ ಹತ್ತು ಎಣಿಸುವವರೆಗೆ ಊದುವುದನ್ನು ಎರಡು ದಿನ ಆಟದಂತೆ ಅಭ್ಯಾಸ ಮಾಡಿಸಿ. ನನ್ನ ಬಳಿ ಬರುವ ಮಕ್ಕಳಿಗೆ ನಾನು ಹೇಳಿಕೊಡುವುದು ಹೀಗೆಯೇ.